ಸಹಿ ಯಾರದು, ಕೈ ಯಾರದು: ಸೂಪರ್‌ಹೀರೊ ಕಾಮಿಕ್ಸ್‌ಗಳ ಹಸ್ತಾಕ್ಷರ ಸಂಗ್ರಹಿಸುವವರಿಗೆ

ಕೊಟ್ಟ ದುಡ್ಡಿನ ಲೆಕ್ಕ ಹಿಡಿದರೆ, ನನ್ನ ಸಂಗ್ರಹದ ಅತ್ಯಂತ ದುಬಾರಿ ಸಹಿ ಯಾರೂ ಹಾಕಿದ್ದಲ್ಲ. 1950ರ ದಶಕದ ಕೊನೆಯ ಬ್ಯಾಟ್‌ಮನ್ ಸಂಚಿಕೆಯೊಂದರಿಂದ ಕತ್ತರಿಸಿ ತೆಗೆದ ಹಾಳೆ ಅದು, ಕಥೆಯ ಮೊದಲ ಪುಟ. ಮೇಲಿನ ಮೂಲೆಯ ಪುಟ್ಟ ಚೌಕದೊಳಗೆ ಬಾಬ್ ಕೇನ್ ಎಂಬ ಅಕ್ಷರಗಳು. ‘ಬ್ಯಾಟ್‌ಮನ್ ಸೃಷ್ಟಿಸಿದವರ ಹಸ್ತಾಕ್ಷರವಿರುವ ಪುಟ’ ಎಂದು ಮಾರುವವನು ಬರೆದಿದ್ದ. ಕಪ್ಪು ಚೌಕಟ್ಟು, ಗಾಜು, ಹಿಂಬದಿಯಲ್ಲಿ ಬಂಗಾರದ ಬಣ್ಣದ ಮುದ್ರೆ ಒತ್ತಿದ ಪ್ರಮಾಣಪತ್ರ. ಹದಿನೈದು ದಿನ ಅದು ನಮ್ಮ ಹಜಾರದ ಗೋಡೆಯ ಮೇಲೆ ಮೆರೆಯಿತು.

ಒಂದು ಭಾನುವಾರ ಗಾಜು ತೆಗೆದು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಇಟ್ಟು ನೋಡಿದೆ. ಸಹಿಯ ಕಪ್ಪೂ ಚಿತ್ರದ ಚೌಕಟ್ಟಿನ ಗೆರೆಯ ಕಪ್ಪೂ ಒಂದೇ ಶಾಯಿ. ಪೆನ್ನಿನ ಗೆರೆ ತನ್ನನ್ನೇ ದಾಟುವ ಕಡೆ ಕಾಣಬೇಕಾದ ದಟ್ಟ ಬಣ್ಣ ಎಲ್ಲಿಯೂ ಇಲ್ಲ. ಹಾಳೆ ಮಗುಚಿ ಬೆರಳಾಡಿಸಿದರೆ ಒತ್ತಿದ ಗುರುತೂ ಇಲ್ಲ. ಆ ಸಂಚಿಕೆಯ ಪ್ರತಿಯೊಂದು ಪ್ರತಿಯಲ್ಲಿಯೂ ಅದೇ ಸಹಿ ಅದೇ ಜಾಗದಲ್ಲಿ ಅಚ್ಚಾಗಿತ್ತು.

ಅವಮಾನ ಅಲ್ಲಿಗೇ ಮುಗಿಯಲಿಲ್ಲ. ಆ ಪುಟ ಬಿಡಿಸಿದವರೂ ಬಾಬ್ ಕೇನ್ ಅಲ್ಲ. 1953ರಿಂದ 1967ರವರೆಗೆ ಕೇನ್ ಅವರ ಹೆಸರಿನಲ್ಲಿ ತೆರೆಮರೆಯಲ್ಲಿ ಕುಳಿತು ಬ್ಯಾಟ್‌ಮನ್ ಚಿತ್ರಿಸುತ್ತಿದ್ದವರು ಶೆಲ್ಡನ್ ಮೋಲ್ಡಾಫ್. ಅಂದರೆ ನಾನು ಕೊಂಡದ್ದರಲ್ಲಿ ಸಹಿಯೂ ಕೇನ್ ಅವರ ಕೈಯದಲ್ಲ, ಚಿತ್ರವೂ ಅವರ ಕೈಯದಲ್ಲ. ಈ ಹವ್ಯಾಸದ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ಸೂಪರ್‌ಹೀರೊ ಕಾಮಿಕ್ಸ್‌ನಲ್ಲಿ ಹೆಸರು ಒಬ್ಬರದು, ಕೈ ಇನ್ನೊಬ್ಬರದು ಆಗಿರುವುದು ಬಹಳ ಸಾಮಾನ್ಯ. ಕೈಯ ಜಾಡು ಹಿಡಿದವರಿಗೆ ಖರ್ಚು ಕಡಿಮೆ, ಮೋಸವೂ ಕಡಿಮೆ.

ಯಾರ ಸಹಿ ಬೇಕು ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಅಮೆರಿಕದ ಕಾಮಿಕ್ಸ್ ಉದ್ಯಮ ಹೆಚ್ಚುಕಡಿಮೆ ಕಾರ್ಖಾನೆಯ ಕ್ರಮದಲ್ಲಿ ಬೆಳೆಯಿತು. ಕಥೆ ಬರೆಯುವವರು ಒಬ್ಬರು, ಪೆನ್ಸಿಲಿನಲ್ಲಿ ಚಿತ್ರ ಹಾಕುವ ಪೆನ್ಸಿಲರ್ ಇನ್ನೊಬ್ಬರು. ಆ ಗೆರೆಗಳ ಮೇಲೆ ಕುಂಚದಿಂದಲೋ ನಿಬ್ಬಿನಿಂದಲೋ ಶಾಯಿ ಹಾಯಿಸುವವರು ಇಂಕರ್. ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆಯುವವರು, ಬಣ್ಣ ಗೊತ್ತುಮಾಡುವವರು ಬೇರೆ. ಮುಖಪುಟದ ಚಿತ್ರಕಾರರು ಒಳಗಿನ ಪುಟಗಳಲ್ಲಿ ಒಂದು ಗೆರೆಯನ್ನೂ ಎಳೆದಿರದ ಸಂಚಿಕೆಗಳು ಬೇಕಾದಷ್ಟಿವೆ.

ಸ್ಪೈಡರ್‌ಮನ್ ಉದಾಹರಣೆ ನೋಡಿ. ಮೊದಲು ಕಾಣಿಸಿಕೊಂಡದ್ದು 1962ರ ಆಗಸ್ಟ್ ತಿಂಗಳ ‘ಅಮೇಜಿಂಗ್ ಫ್ಯಾಂಟಸಿ’ 15ನೇ ಸಂಚಿಕೆಯಲ್ಲಿ. ಬರೆದವರು ಸ್ಟ್ಯಾನ್ ಲೀ, ಚಿತ್ರಿಸಿದವರು ಸ್ಟೀವ್ ಡಿಟ್ಕೊ. ಆಗ ಮಾರ್ವೆಲ್‌ನಲ್ಲಿದ್ದ ಪದ್ಧತಿಯಲ್ಲಿ ಲೇಖಕರು ಕಥೆಯ ಎಳೆಯನ್ನು ಮಾತ್ರ ಹೇಳುತ್ತಿದ್ದರು. ಚಿತ್ರಕಾರರು ಇಡೀ ಸಂಚಿಕೆಯನ್ನು ಬಿಡಿಸಿ ತಂದ ಮೇಲೆ ಸಂಭಾಷಣೆ ತುಂಬಲಾಗುತ್ತಿತ್ತು. ಕಥೆ ಕಟ್ಟುವ ಕೆಲಸದಲ್ಲಿಯೂ ಅರ್ಧದಷ್ಟು ಚಿತ್ರಕಾರರ ಪಾಲಿಗೇ ಬರುತ್ತಿತ್ತು ಎಂದಾಯಿತು. 1966ರಲ್ಲಿ ಡಿಟ್ಕೊ ಬಿಟ್ಟುಹೋದರು. ‘ಅಮೇಜಿಂಗ್ ಸ್ಪೈಡರ್‌ಮನ್’ 39ನೇ ಸಂಚಿಕೆಯಿಂದ ಚಿತ್ರಕಾರರಾಗಿ ಜಾನ್ ರೊಮಿಟಾ ಬಂದರು, ಪೀಟರ್ ಪಾರ್ಕರ್‌ನ ಮುಖ ತುಸು ಚೆಲುವಾಯಿತು. ‘ನನಗೆ ಸ್ಪೈಡರ್‌ಮನ್ ಹಸ್ತಾಕ್ಷರ ಬೇಕು’ ಎನ್ನುವವರ ಎದುರಿಗೆ ಈ ಮೂವರೂ ಇದ್ದಾರೆ, ಮೂವರ ಮಾರುಕಟ್ಟೆಯೂ ಮೂರು ಬಗೆ. ಲೀ ಮುಪ್ಪಿನಲ್ಲಿಯೂ ಊರೂರಿನ ಸಮಾವೇಶಗಳಲ್ಲಿ ಕುಳಿತು ಸಹಿ ಹಾಕಿದವರು. ಅವರ ಸಹಿ ಬಹಳಷ್ಟಿದೆ, ನಕಲಿಯೂ ಅಷ್ಟೇ ಇದೆ. ಡಿಟ್ಕೊ ಸಂದರ್ಶನ, ಸಮಾವೇಶಗಳಿಂದ ದೂರ ಉಳಿದರು. ಆದರೆ ಮ್ಯಾನ್‌ಹಟನ್‌ನ ತಮ್ಮ ಕೆಲಸದ ಕೋಣೆಯಿಂದ ಓದುಗರ ಕಾಗದಗಳಿಗೆ ಕೈಬರಹದಲ್ಲಿ ಉತ್ತರ ಬರೆಯುತ್ತಿದ್ದರು. ಹಾಗಾಗಿ ಅವರ ಸಹಿಯನ್ನು ಬಲ್ಲವರು ಕಾಗದಗಳ ತುದಿಯಲ್ಲಿ ಹುಡುಕುತ್ತಾರೆ. ಲೀ, ಡಿಟ್ಕೊ ಇಬ್ಬರೂ ತೀರಿಕೊಂಡದ್ದು 2018ರಲ್ಲಿ, ರೊಮಿಟಾ 2023ರಲ್ಲಿ.

ಬ್ಯಾಟ್‌ಮನ್‌ನ ಕಥೆ ಇನ್ನೂ ಕಹಿ. 1939ರಿಂದ ಕೇನ್ ಒಬ್ಬರ ಹೆಸರಷ್ಟೇ ಅಚ್ಚಾಗುತ್ತಿತ್ತು. ವೇಷ, ಹಿನ್ನೆಲೆ, ಮೊದಲ ಕಥೆಗಳಲ್ಲಿ ದೊಡ್ಡ ಪಾಲು ಲೇಖಕ ಬಿಲ್ ಫಿಂಗರ್ ಅವರದಾಗಿದ್ದರೂ ಅವರಿಗೆ ಸೃಷ್ಟಿಯಲ್ಲಿ ಅಧಿಕೃತ ಪಾಲು ಸಿಕ್ಕಿದ್ದು 2015ರಲ್ಲಿ. ಫಿಂಗರ್ ತೀರಿಕೊಂಡು ಆಗಲೇ 41 ವರ್ಷವಾಗಿತ್ತು.

ನನಗೆ ಗೊತ್ತಿರುವ ಸಹಿಗಳಲ್ಲಿ ಅತ್ಯಂತ ಮಾತುಗಾರ ಸಹಿ ಕಾಮಿಕ್ಸ್ ಮೇಲೆ ಇಲ್ಲವೇ ಇಲ್ಲ. 1938ರಲ್ಲಿ ಜೆರಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ಇಬ್ಬರು ಹುಡುಗರಿಗೆ ಕೊಟ್ಟ 412 ಡಾಲರಿನ ಚೆಕ್ಕಿನ ಮೇಲಿದೆ. ಅದರಲ್ಲಿ 130 ಡಾಲರ್ ಸೂಪರ್‌ಮನ್‌ನ ಹಕ್ಕಿಗೆ. ಬ್ಯಾಂಕಿನಲ್ಲಿ ಹಣ ಪಡೆಯಲು ಚೆಕ್ಕಿನ ಬೆನ್ನಿಗೆ ಇಬ್ಬರೂ ಸಹಿ ಹಾಕಿದರು. 2012ರಲ್ಲಿ ಆ ಚೆಕ್ 1,60,000 ಡಾಲರಿಗೆ ಹರಾಜಾಯಿತು.

ಈಗ ಒಂದು ಕಾಗದ ತೆಗೆದುಕೊಂಡು ಐದು ಹೆಸರು ಬರೆಯಿರಿ. ಅದರಲ್ಲಿ ಎರಡಾದರೂ ಮುಖಪುಟದಲ್ಲಿ ದೊಡ್ಡದಾಗಿ ಕಾಣದ ಹೆಸರಾಗಿರಲಿ: ಒಬ್ಬ ಇಂಕರ್, ಒಬ್ಬ ಬಣ್ಣಗಾರ್ತಿ. ಯಾವ ಸಂಚಿಕೆಯಲ್ಲಿ ಯಾರು ಯಾವ ಕೆಲಸ ಮಾಡಿದರು ಎಂಬುದನ್ನು ಸ್ವಯಂಸೇವಕರು ಕಟ್ಟಿರುವ ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್‌ನಲ್ಲಿ ಉಚಿತವಾಗಿ ನೋಡಬಹುದು. ಹೆಸರಿಲ್ಲದೆ ಅಚ್ಚಾದ ಹಳೆಯ ಕಥೆಗಳಿಗೂ ಅಲ್ಲಿ ಚಿತ್ರಕಾರರ ಗುರುತು ಹಿಡಿದಿದ್ದಾರೆ. ನನ್ನ ಗೋಡೆಯ ಮೇಲಿದ್ದುದು ಮೋಲ್ಡಾಫ್ ಅವರ ಪುಟ ಎಂದು ತಿಳಿದದ್ದೂ ಅಲ್ಲಿಂದಲೇ, ಕೊಂಡ ಮೇಲೆ. ಕೊಳ್ಳುವ ಮೊದಲು ನೋಡುವ ಬುದ್ಧಿ ನಿಮಗಿರಲಿ.

ಹೇಳಲು ಸಂಕೋಚವಾದರೂ ಹೇಳಬೇಕಾದ ಮಾತು: ಪಟ್ಟಿಯನ್ನು ವಯಸ್ಸಿನ ಕ್ರಮದಲ್ಲಿ ಜೋಡಿಸಿ. 2022ರಲ್ಲಿ ಹೆಸರಾಂತ ಚಿತ್ರಕಾರರಾದ ನೀಲ್ ಆಡಮ್ಸ್ ಮತ್ತು ಜಾರ್ಜ್ ಪೆರೆಜ್ ಎಂಟು ದಿನಗಳ ಅಂತರದಲ್ಲಿ ತೀರಿಕೊಂಡರು. ಇಬ್ಬರ ಸಹಿಯನ್ನೂ ‘ಮುಂದಿನ ವರ್ಷ ನೋಡೋಣ’ ಎಂದು ಬಿಟ್ಟಿದ್ದವರಲ್ಲಿ ನಾನೂ ಒಬ್ಬ. ಸಾವಿನ ಸುದ್ದಿ ಬಂದ ವಾರ ಬೆಲೆ ಏರುತ್ತದೆ, ಅದರ ಬೆನ್ನಿಗೇ ನಕಲಿಗಳು ಬರುತ್ತವೆ. ಆ ವಾರ ಏನನ್ನೂ ಕೊಳ್ಳಬೇಡಿ. ಇನ್ನೊಂದೆಡೆ ರಮೋನಾ ಫ್ರೇಡನ್ ಅವರಂಥವರೂ ಇದ್ದರು. ಅಕ್ವಾಮನ್ ಚಿತ್ರಿಸಿದ, ಮೆಟಮಾರ್ಫೊ ಪಾತ್ರಕ್ಕೆ ರೂಪ ಕೊಟ್ಟ ಈಕೆ 97ರ ವಯಸ್ಸಿನವರೆಗೂ ಅಭಿಮಾನಿಗಳು ಕೇಳಿದ ಚಿತ್ರ ಬಿಡಿಸಿಕೊಡುತ್ತಿದ್ದರು. 2024ರ ಜನವರಿಯಲ್ಲಿ ನಿವೃತ್ತಿ ಹೇಳಿ, ಮರುತಿಂಗಳು ತೀರಿಕೊಂಡರು.

ನಮ್ಮ ಕಡೆಯ ಕೊಂಡಿಗಳನ್ನೂ ಮರೆಯಬೇಡಿ. 2004ರಲ್ಲಿ ಬಂದ ‘ಸ್ಪೈಡರ್‌ಮನ್: ಇಂಡಿಯಾ’ದಲ್ಲಿ ಧೋತಿ ಉಟ್ಟ ಪವಿತ್ರ್ ಪ್ರಭಾಕರ್‌ನನ್ನು ಚಿತ್ರಿಸಿದ ಜೀವನ್ ಜೆ. ಕಾಂಗ್ ಬೆಂಗಳೂರಿನವರು. ಆ ಪಾತ್ರವಿದ್ದ 2023ರ ಅನಿಮೇಷನ್ ಚಿತ್ರದ ನಂತರ ಆ ಸಂಚಿಕೆಗಳನ್ನು ಹುಡುಕುವವರು ಅಮೆರಿಕದಲ್ಲಿಯೂ ಹೆಚ್ಚಾದರು. ಹಿಂದಿಯ ರಾಜ್ ಕಾಮಿಕ್ಸ್‌ನಲ್ಲಿ ಸೂಪರ್ ಕಮಾಂಡೊ ಧ್ರುವನನ್ನು ಬರೆದು ಚಿತ್ರಿಸಿದವರು ಅನುಪಮ್ ಸಿನ್ಹಾ. ಇನ್ನು ಕನ್ನಡದ ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ನಮ್ಮ ತಲೆಮಾರಿಗೆ ಬಹಾದೂರ್‌ನ ಚಿತ್ರಕಾರ ಬಿ. ಗೋವಿಂದ್ ಅವರ ಗೆರೆ ಹೆಸರು ತಿಳಿಯುವ ಮೊದಲೇ ಕಣ್ಣಿಗೆ ಪರಿಚಿತ.

ಯಾವುದರ ಮೇಲೆ ಹಾಕಿಸುವುದು

ಮೊದಲ ಸಹಿಗೆ ಅಗ್ಗದ ಸಂಚಿಕೆ ಆರಿಸಿ. 1991ರ ‘ಎಕ್ಸ್-ಮೆನ್’ 1ನೇ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಯಿತು. ಕ್ರಿಸ್ ಕ್ಲೇರ್ಮಾಂಟ್ ಬರವಣಿಗೆ, ಜಿಮ್ ಲೀ ಚಿತ್ರ, ಐದು ಬಗೆಯ ಮುಖಪುಟ. ಎಲ್ಲರೂ ಹೂಡಿಕೆ ಎಂದು ಕೊಂಡು ಜೋಪಾನವಾಗಿ ಇಟ್ಟದ್ದರಿಂದಲೇ ಇವತ್ತಿಗೂ ಅದು ಚಿಲ್ಲರೆ ಕಾಸಿಗೆ ಸಿಗುತ್ತದೆ. ಸೂಪರ್‌ಮನ್ ಸಾಯುವ 1992ರ 75ನೇ ಸಂಚಿಕೆಯದೂ ಅದೇ ಪಾಡು. ಇಂಥವುಗಳ ಮೇಲೆ ಸಹಿ ಬಿದ್ದರೆ ಸಂಚಿಕೆಗಿಂತ ಸಹಿಯೇ ಹೆಚ್ಚು ಬೆಲೆಯದಾಗುತ್ತದೆ, ಶಾಯಿ ಕದಡಿದರೆ ಎದೆ ಒಡೆಯುವುದಿಲ್ಲ.

ಅಪರೂಪದ ಹಳೆಯ ಸಂಚಿಕೆಯ ಮಾತೇ ಬೇರೆ. ವುಲ್ವರಿನ್ ಪೂರ್ತಿಯಾಗಿ ಕಾಣಿಸಿಕೊಂಡ 1974ರ ‘ಇನ್‌ಕ್ರೆಡಿಬಲ್ ಹಲ್ಕ್’ 181ನೇ ಸಂಚಿಕೆ ನಿಮ್ಮ ಕೈಗೆ ಬಂದಿದ್ದರೆ, ಮೊದಲು ಒಳಪುಟದಲ್ಲಿ ಮಾರ್ವೆಲ್ ವ್ಯಾಲ್ಯೂ ಸ್ಟ್ಯಾಂಪ್ ಎಂಬ ಅಂಚೆಚೀಟಿಯಂಥ ಪುಟ್ಟ ಚಿತ್ರ ಇದೆಯೇ ನೋಡಿ. ಆ ಕಾಲದ ಮಕ್ಕಳು ಅದನ್ನು ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುತ್ತಿದ್ದರು. ಅದಿಲ್ಲದ ಪ್ರತಿಗೆ ಬೆಲೆ ಬಹಳ ಇಳಿಯುತ್ತದೆ. ಆ ಸಂಚಿಕೆ ಬರೆದ ಲೆನ್ ವೀನ್, ಚಿತ್ರಿಸಿದ ಹರ್ಬ್ ಟ್ರಿಂಪ್, ವುಲ್ವರಿನ್‌ನ ವೇಷ ರೂಪಿಸಿದ ರೊಮಿಟಾ ಮೂವರೂ ಈಗಿಲ್ಲ. ಆ ಪಾತ್ರವನ್ನು ಆಮೇಲೆ ಬೇರೆಡೆ ಬಿಡಿಸಿದವರ ಸಹಿಯನ್ನು ಅದರ ಮೇಲೆ ಹಾಕಿಸುವುದು ನನ್ನ ಲೆಕ್ಕದಲ್ಲಿ ಹಳೆಯ ದೇವಸ್ಥಾನದ ಕಂಬದ ಮೇಲೆ ಹೆಸರು ಕೆತ್ತಿದ ಹಾಗೆ. ಒಪ್ಪದವರೂ ಇದ್ದಾರೆ, ಇರಲಿ.

ಇವೆರಡರ ನಡುವೆ ಒಳ್ಳೆಯ ದಾರಿಗಳಿವೆ. ಸಹಿ ಮತ್ತು ಚಿತ್ರಕ್ಕೆಂದೇ ಮುಖಪುಟವನ್ನು ಬಿಳಿಯಾಗಿ ಬಿಟ್ಟು ಪ್ರಕಾಶಕರು ಹೊರತರುವ ಸಂಚಿಕೆಗಳಿವೆ. ಚಿತ್ರಕಾರರು ತಾವೇ ಅಚ್ಚುಹಾಕಿಸಿ ಮೇಜಿನ ಮೇಲೆ ಮಾರುವ ಪ್ರಿಂಟ್‌ಗಳಿವೆ. ಪ್ರಿಂಟ್ ಕೊಂಡರೆ ದುಡ್ಡು ನೇರವಾಗಿ ಬಿಡಿಸಿದವರ ಕೈಗೇ ಹೋಗುತ್ತದೆ, ಸಹಿ ಸಾಮಾನ್ಯವಾಗಿ ಅದರ ಜೊತೆಗೇ ಬರುತ್ತದೆ.

ಪೆನ್ನು ನಿಮ್ಮದೇ ಇರಲಿ

ಹೊಳಪು ಕಾಗದದ ಮುಖಪುಟಕ್ಕೆ ತೆಳುಮೊನೆಯ ಶಾಶ್ವತ ಮಾರ್ಕರ್ ಸಾಕು. ಕಡುಬಣ್ಣದ ಮುಖಪುಟವಾದರೆ ಬೆಳ್ಳಿ ಅಥವಾ ಬಂಗಾರದ ಬಣ್ಣದ ಪೇಂಟ್ ಮಾರ್ಕರ್. ಅದನ್ನು ಮೊದಲೇ ಅಲುಗಾಡಿಸಿ, ಬೇರೆ ಕಾಗದದ ಮೇಲೆ ನಾಲ್ಕು ಗೆರೆ ಎಳೆದು, ಬಣ್ಣ ಸರಾಗವಾಗಿ ಇಳಿಯುವಂತೆ ಮಾಡಿಕೊಂಡು ಹೋಗಬೇಕು. ಇಲ್ಲದಿದ್ದರೆ ಮೊದಲ ಅಕ್ಷರದ ಮೇಲೆಯೇ ಒಂದು ದೊಡ್ಡ ಹನಿ ಕೂರುತ್ತದೆ. ಬಾಲ್‌ಪೆನ್ ಬೇಡ, ಅದರ ಮೊನೆ ಕಾಗದವನ್ನು ಒತ್ತಿ ಗೀರು ಬೀಳಿಸುತ್ತದೆ. ಬಿಳಿ ಮುಖಪುಟ, ಡ್ರಾಯಿಂಗ್ ಹಾಳೆಗಳಿಗೆ ಪಿಗ್ಮೆಂಟ್ ಶಾಯಿಯ ಪೆನ್ನೇ ಒಳ್ಳೆಯದು. ಮಾರ್ಕರಿನ ಶಾಯಿಯಂತೆ ಅದು ಬಿಸಿಲಿಗೆ ಬೇಗ ಮಂಕಾಗುವುದಿಲ್ಲ.

ಸಹಿ ಎಲ್ಲಿ ಬೀಳಬೇಕು ಎಂಬುದನ್ನು ಮನೆಯಲ್ಲಿಯೇ ಗೊತ್ತುಮಾಡಿ. ಸಂಗ್ರಾಹಕರು ಮಾಡುವ ಒಂದು ಉಪಾಯವಿದೆ. ಸಂಚಿಕೆಯನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಸಹಿ ಬೇಕಾದ ಜಾಗದಲ್ಲಿ ಮಾತ್ರ ಚೀಲಕ್ಕೆ ಕಿಟಕಿಯಂತೆ ಆಯತಾಕಾರದ ತೂತು ಮಾಡುತ್ತಾರೆ. ಕತ್ತರಿಸುವಾಗ ಸಂಚಿಕೆ ಚೀಲದ ಹೊರಗಿರಬೇಕು. ಇದನ್ನು ಬರೆಯುತ್ತಿರುವುದು ಯಾಕೆಂದರೆ ಒಮ್ಮೆ ಒಳಗಿಟ್ಟೇ ಕತ್ತರಿಸಿದ ಮಹಾನುಭಾವ ನಾನೇ.

ಸರದಿಯಲ್ಲಿ ನಿಂತಾಗ

ಅಮೆರಿಕದಲ್ಲಿ ಇರುವವರಿಗೆ ಇದು ಸುಲಭ. 1970ರಲ್ಲಿ ಆರಂಭವಾದ ಸ್ಯಾನ್ ಡಿಯೆಗೊ ಕಾಮಿಕ್-ಕಾನ್ ದೊಡ್ಡ ಜಾತ್ರೆ. ಆದರೆ ಸಹಿಗೆಂದೇ ಹೋಗುವವರು ಸಣ್ಣ ಊರುಗಳ ಸಮಾವೇಶಗಳಿಗೆ ಹೋಗುವುದು ಮೇಲು. ಅಲ್ಲಿ ಚಿತ್ರಕಾರರ ಮೇಜಿನ ಮುಂದೆ ನಾಲ್ಕು ಮಾತಾಡುವಷ್ಟು ಬಿಡುವಿರುತ್ತದೆ. ಬೆಂಗಳೂರಿನಲ್ಲಿ 2012ರಿಂದ ಕಾಮಿಕ್ ಕಾನ್ ನಡೆಯುತ್ತಿದೆ. ಹೊರದೇಶದ ಒಬ್ಬಿಬ್ಬರು ಚಿತ್ರಕಾರರೂ ನಮ್ಮವರು ಹಲವರೂ ಬರುತ್ತಾರೆ. ವೇಷ ಹಾಕಿದವರ ಫೋಟೊ ತೆಗೆಯುವ ನೂಕುನುಗ್ಗಲು ಹೆಚ್ಚಾಗುವ ಮೊದಲು, ಬಾಗಿಲು ತೆರೆದ ಹೊತ್ತಿನಲ್ಲಿಯೇ ಮೇಜಿನ ಬಳಿ ಹೋಗಿ.

ಮೇಜಿನ ಮುಂದೆ ಪಾಲಿಸಬೇಕಾದ್ದು ಇಷ್ಟೇ. ಶುಲ್ಕ ಎಷ್ಟು, ಒಬ್ಬರಿಗೆ ಎಷ್ಟು ಸಹಿ ಎಂದು ಮೊದಲೇ ಕೇಳಿ. ಕಿಟಕಿಯ ಚೀಲ ಮಾಡಿಕೊಂಡಿಲ್ಲದಿದ್ದರೆ ಸಂಚಿಕೆಯನ್ನು ಚೀಲದಿಂದ ಹೊರಗೆ ತೆಗೆದು ರಟ್ಟಿನ ಮೇಲಿಟ್ಟು ಸಿದ್ಧವಾಗಿರಿ. ಮೂವತ್ತು ಸಂಚಿಕೆಗಳ ಕಟ್ಟನ್ನು ಮೇಜಿನ ಮೇಲೆ ಸುರಿಯಬೇಡಿ, ಹಿಂದೆ ನಿಂತವರ ಶಾಪ ತಟ್ಟುತ್ತದೆ. ಬಿಟ್ಟಿ ಚಿತ್ರ ಕೇಳಬೇಡಿ.

ನಿಮ್ಮ ಹೆಸರನ್ನೂ ಬರೆಸಿಕೊಳ್ಳಬೇಕೇ? ‘ಇಂಥವರಿಗೆ’ ಎಂದು ಬರೆದರೆ ಮಾರುವಾಗ ಬೆಲೆ ಕಡಿಮೆ ಎನ್ನುತ್ತಾರೆ, ನಿಜ. ಅದೇ ಕಾರಣಕ್ಕೆ ಹಲವು ಚಿತ್ರಕಾರರು ಹೆಸರು ಬರೆಸಿಕೊಂಡರೆ ಉಚಿತ ಸಹಿ, ಬರಿಯ ಸಹಿಗೆ ಶುಲ್ಕ ಎಂದು ಇಟ್ಟುಕೊಂಡಿರುತ್ತಾರೆ. ಮರುದಿನವೇ ಮಾರುವವರು ಯಾರು ಎಂದು ಅವರಿಗೆ ಗೊತ್ತು. ನಾನು ಬರೆಸಿಕೊಳ್ಳುತ್ತೇನೆ. ಒಮ್ಮೆ ಒಬ್ಬ ಹಿರಿಯ ಇಂಕರ್ ಮುಂದೆ ಪೆನ್ಸಿಲರ್ ಹೆಸರೇ ಎತ್ತದೆ, ಒಂದು ನಿರ್ದಿಷ್ಟ ಪುಟ ತೆರೆದು, ‘ಈ ಮಳೆ ನಿಮ್ಮದಲ್ಲವೇ?’ ಎಂದು ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ ಪುಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಪೆನ್ಸಿಲಿನಲ್ಲಿ ಬರಿಯ ‘ಮಳೆ’ ಎಂಬ ಮಾತಷ್ಟೇ ಇತ್ತಂತೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿ ಬಣ್ಣ ಚಿಮುಕಿಸಿ, ಬ್ಲೇಡಿನ ತುದಿಯಿಂದ ಗೀರಿ ಆ ಮಳೆ ಸುರಿಸಿದ್ದಂತೆ. ಅದನ್ನು ಮಾಡಿ ತೋರಿಸುವ ಭರದಲ್ಲಿ ಸಹಿ ಮುಖಪುಟ ಬಿಟ್ಟು ಆ ಮಳೆಯ ಪುಟದ ಅಂಚಿಗೇ ಬಿತ್ತು. ಮಾರುಕಟ್ಟೆಯ ಪ್ರಕಾರ ತಪ್ಪು ಜಾಗ.

ಸಹಿ ಬಿದ್ದ ಮೇಲೆ ಐದು ನಿಮಿಷ ಮುಟ್ಟಬೇಡಿ. ಹೊಳಪಿನ ಕಾಗದದ ಮೇಲೆ ಪೇಂಟ್ ಮಾರ್ಕರ್ ಆದರೆ ಇನ್ನೂ ಹೆಚ್ಚು. ಊದಬೇಡಿ, ಎಂಜಲಿನ ಒಂದು ತುಂತುರು ಸಾಕು ಕೆಡಲು.

ಸಾಕ್ಷಿ ಬೇಕೇ?

ಸಹಿ ನಿಮ್ಮ ಕಣ್ಣೆದುರು ಬಿದ್ದರೂ ನಾಳೆ ಕೊಳ್ಳುವವರಿಗೆ ಅದು ಬರಿಯ ನಿಮ್ಮ ಮಾತು. ಈ ಬಿಕ್ಕಟ್ಟಿಗೆ ಹುಟ್ಟಿಕೊಂಡದ್ದು ಸಾಕ್ಷಿಯ ವ್ಯವಸ್ಥೆ. 2000ದಲ್ಲಿ ಆರಂಭವಾದ, ಫ್ಲಾರಿಡಾದ ಸರಸೋಟದಲ್ಲಿರುವ ಸಿಜಿಸಿ ಎಂಬ ಸಂಸ್ಥೆ ಕಾಮಿಕ್ಸ್‌ಗಳಿಗೆ 0.5ರಿಂದ 10.0ರವರೆಗೆ ಅಂಕ ಕೊಟ್ಟು ಗಟ್ಟಿ ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿಕೊಡುತ್ತದೆ. ಸಂಗ್ರಾಹಕರು ಇದನ್ನು ಸ್ಲ್ಯಾಬ್ ಎನ್ನುತ್ತಾರೆ. ಸಹಿ ಹಾಕುವಾಗ ಸಂಸ್ಥೆಯ ಪ್ರತಿನಿಧಿ ಪಕ್ಕದಲ್ಲಿ ನಿಂತು ನೋಡಿದ್ದರೆ ಪೆಟ್ಟಿಗೆಗೆ ಹಳದಿ ಚೀಟಿ. ಸಹಿಯಾದ ಕೂಡಲೇ ಸಂಚಿಕೆ ಪ್ರತಿನಿಧಿಯ ಕೈಗೆ ಹೋಗುತ್ತದೆ, ನಿಮ್ಮ ಕೈಗೆ ಮರಳುವುದು ಪೆಟ್ಟಿಗೆಯಾಗಿಯೇ. ಯಾರೂ ನೋಡದ ಸಹಿಗೆ ಹಳದಿ ಚೀಟಿ ಸಿಗುವುದಿಲ್ಲ. ಒಂದು ಕುಂದಿದೆ ಎಂದು ಸೂಚಿಸುವ ಹಸಿರು ಚೀಟಿ ಬರಬಹುದು, ಅಥವಾ ‘ಮುಖಪುಟದ ಮೇಲೆ ಬರಹವಿದೆ’ ಎಂದು ನಮೂದಾಗಿ, ನಿಮ್ಮ ಅಮೂಲ್ಯ ಸಹಿ ಕಲೆಗೆ ಸಮನಾಗಬಹುದು. 2014ರಲ್ಲಿ ಬಂದ ಸಿಬಿಸಿಎಸ್ ಎಂಬ ಇನ್ನೊಂದು ಸಂಸ್ಥೆ, ಹಿಂದೆ ಎಂದೋ ಹಾಕಿದ ಸಹಿಯನ್ನೂ ತಜ್ಞರಿಂದ ಪರೀಕ್ಷಿಸಿ ದೃಢೀಕರಿಸುವ ಪದ್ಧತಿ ತಂದಿತು. ಅದು ತಜ್ಞರ ಅಭಿಪ್ರಾಯ, ಕಣ್ಣಾರೆ ಕಂಡ ಸಾಕ್ಷಿಯಲ್ಲ. ಎರಡರ ತೂಕವೂ ಒಂದೇ ಎಂದುಕೊಳ್ಳಬೇಡಿ.

ಭಾರತದಲ್ಲಿ ಕುಳಿತು ಇದನ್ನೆಲ್ಲ ಮಾಡಿಸಬೇಕೆಂದರೆ ಹೋಗಿಬರುವ ಸಾಗಣೆ, ವಿಮೆ, ಕಸ್ಟಮ್ಸ್ ಸೇರಿ ಅಗ್ಗದ ಸಂಚಿಕೆಯ ಹತ್ತು ಪಟ್ಟು ಖರ್ಚು. ಮಾರುವ ಉದ್ದೇಶವಿಲ್ಲದಿದ್ದರೆ ಬೇಡವೇ ಬೇಡ. ಸಹಿ ಹಾಕುತ್ತಿರುವಾಗಿನ ಒಂದು ಫೋಟೊ ಸಾಕು. ಕೈ, ಪೆನ್ನು, ಸಂಚಿಕೆ, ಮುಖ ನಾಲ್ಕೂ ಒಂದೇ ಚೌಕಟ್ಟಿನಲ್ಲಿರಲಿ. ಅನುಮತಿ ಕೇಳಿ ತೆಗೆಯಿರಿ.

ಬೇರೆಯವರ ಬಳಿ ಕೊಳ್ಳುವಾಗ

ಇಲ್ಲಿ ನಿಧಾನವೇ ಪ್ರಧಾನ. ಪ್ರಮಾಣಪತ್ರದ ಬಂಗಾರದ ಮುದ್ರೆಯನ್ನು ಯಾವ ಪ್ರೆಸ್ಸಿನಲ್ಲಿಯೂ ಹಾಕಿಸಬಹುದು. ಕೇಳಬೇಕಾದ ಪ್ರಶ್ನೆ: ಈ ಪತ್ರ ಕೊಟ್ಟವರು ಯಾರು, ಸಹಿ ಯಾವ ಊರಿನಲ್ಲಿ ಯಾವಾಗ ಬಿತ್ತು, ಆಗ ಅಲ್ಲಿದ್ದವರು ಯಾರು? ಪತ್ರ ಕೊಟ್ಟವರೂ ಮಾರುತ್ತಿರುವವರೂ ಒಬ್ಬರೇ ಆಗಿದ್ದರೆ ಅದು ಮದುವೆ ದಲ್ಲಾಳಿ ಹುಡುಗನಿಗೆ ಕೊಡುವ ನಡತೆಯ ಪ್ರಮಾಣಪತ್ರ.

ನಂತರ ಭೂತಗನ್ನಡಿ. ಈಗಿನ ಮುದ್ರಣದಲ್ಲಿ ಬಣ್ಣವೆಲ್ಲ ಸಣ್ಣ ಚುಕ್ಕೆಗಳು. ಸಹಿಯ ಗೆರೆಯೂ ಚುಕ್ಕೆಗಳಾಗಿ ಒಡೆದರೆ ಅದು ಅಚ್ಚು. ನಿಜವಾದ ಮಾರ್ಕರಿನ ಗೆರೆ ಹೊಳಪಿನ ಪದರದ ಮೇಲೆ ಕೂತಿರುತ್ತದೆ. ಸಂಚಿಕೆಯನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಶಾಯಿ ಕಾಗದಕ್ಕಿಂತ ಬೇರೆ ಬಗೆಯಲ್ಲಿ ಮಿನುಗುತ್ತದೆ. ಹಳೆಯ ಸಂಚಿಕೆಗಳಲ್ಲಿ ಕಪ್ಪು ಗೆರೆಗೆ ಚುಕ್ಕೆಗಳಿರುವುದಿಲ್ಲ, ನಾನು ಜಾರಿದ್ದು ಅಲ್ಲಿಯೇ. ಅಂಥ ಕಡೆ ಗೆರೆಗಳು ಪರಸ್ಪರ ದಾಟುವ ಜಾಗವನ್ನು ನೋಡಬೇಕು.

ಕೈಯಿಂದಲೇ ಮಾಡಿದ ನಕಲಿಯನ್ನು ಹಿಡಿಯುವುದು ಕಷ್ಟ, ಆದರೂ ಆಗದ ಕೆಲಸವಲ್ಲ. ಸಾವಿರಾರು ಬಾರಿ ಹಾಕಿದವರ ಸಹಿಗೆ ಓಟವಿರುತ್ತದೆ. ಗೆರೆ ಶುರುವಾಗುವಾಗಲೂ ಮುಗಿಯುವಾಗಲೂ ತೆಳ್ಳಗಾಗುತ್ತದೆ, ಕೈ ಕಾಗದ ಮುಟ್ಟುವ ಮೊದಲೇ ಚಲಿಸುತ್ತಿರುತ್ತದೆ. ನಕಲು ಮಾಡುವವರು ಬರೆಯುವುದಿಲ್ಲ, ಬಿಡಿಸುತ್ತಾರೆ. ಹಾಗಾಗಿ ಗೆರೆಯ ತುದಿಗಳು ಮೊಂಡು, ನಡುವೆ ಸಣ್ಣ ನಡುಕ, ಎಲ್ಲೆಡೆ ಒಂದೇ ದಪ್ಪ. ಆದರೆ ಮುಪ್ಪಿನ ಕೈಯೂ ನಡುಗುತ್ತದೆ. ಅದಕ್ಕೇ ಆಯಾ ವರ್ಷದ, ಸಾಕ್ಷಿಯುಳ್ಳ ಸಹಿಗಳ ಹತ್ತಾರು ಚಿತ್ರಗಳನ್ನು ಮೊಬೈಲಿನಲ್ಲಿ ಕೂಡಿಟ್ಟುಕೊಂಡು ಹೋಲಿಸಿ. ಒಬ್ಬರದೇ ಎರಡು ಸಹಿಗಳು ಒಂದರ ಮೇಲೊಂದಿಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಿದ್ದರೆ ಅದು ಯಂತ್ರದ ಕೆಲಸ. ಮನುಷ್ಯರ ಕೈ ಹಾಗೆ ಬರೆಯಲಾರದು.

ಕಾಲದ ಲೆಕ್ಕವನ್ನೂ ಹಾಕಿ. ಶಾರ್ಪಿ ಮಾರ್ಕರ್ ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ಮಾರ್ವೆಲ್‌ನ ಹೆಸರಾಂತ ಚಿತ್ರಕಾರ ಜ್ಯಾಕ್ ಕಿರ್ಬಿ ತೀರಿಕೊಂಡದ್ದು 1994ರ ಫೆಬ್ರುವರಿಯಲ್ಲಿ. 1995ರಲ್ಲಿ ಮರುಮುದ್ರಣವಾದ ಸಂಚಿಕೆಯ ಮೇಲೆ ಕಿರ್ಬಿ ಸಹಿ ಮಾರಾಟಕ್ಕಿದ್ದರೆ, ಒಂದು ನಮಸ್ಕಾರ ಹೇಳಿ ಮುಂದೆ ಹೋಗಿ. ಮರುಮುದ್ರಣದ ವರ್ಷ ಒಳಪುಟದ ಕೆಳಗಿನ ಸಣ್ಣ ಅಕ್ಷರಗಳಲ್ಲಿರುತ್ತದೆ, ಮುಖಪುಟವನ್ನು ನಂಬಬೇಡಿ.

ಮೂಲ ಪುಟಗಳ ಹುಚ್ಚು ಹಿಡಿದರೆ

ಹಿಡಿಯುತ್ತದೆ. ಕೈಯ ಜಾಡು ಹಿಡಿದವರು ಒಂದಲ್ಲ ಒಂದು ದಿನ ಮೂಲ ಚಿತ್ರಕ್ಕೇ ಬಂದು ನಿಲ್ಲುತ್ತಾರೆ. 11 ಇಂಚು ಅಗಲ, 17 ಇಂಚು ಎತ್ತರದ, ಬ್ರಿಸ್ಟಲ್ ಎಂಬ ಚಿತ್ರ ಬಿಡಿಸುವ ದಪ್ಪ ರಟ್ಟು. ಅದರ ಮೇಲೆ ಕ್ಯಾಮೆರಾಕ್ಕೆ ಕಾಣದ ತಿಳಿನೀಲಿ ಪೆನ್ಸಿಲಿನ ಗೆರೆ, ಮೇಲೆ ಶಾಯಿ, ತಪ್ಪಿದಲ್ಲಿ ಬಿಳಿ ಬಣ್ಣದ ತೇಪೆ, ಅಂಚಿನಲ್ಲಿ ಸಂಪಾದಕರ ಗೀಚು. 1960ರ ದಶಕದ ಉತ್ತರಾರ್ಧಕ್ಕಿಂತ ಹಿಂದಿನ ಪುಟಗಳು ಇದಕ್ಕಿಂತ ದೊಡ್ಡವು. ಹೊಸ ಪುಟಗಳಲ್ಲಿ ಮಾತಿನ ಗುಳ್ಳೆ ಇರದಿದ್ದರೆ ಗಾಬರಿ ಬೇಡ, ಈಗ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಪೂರ್ತಿ ಕಂಪ್ಯೂಟರಿನಲ್ಲಿಯೇ ಬಿಡಿಸುವವರ ಮೂಲ ಪುಟ ಎಂಬುದು ಇರುವುದೇ ಇಲ್ಲ. ಹಾಗೆಂದು ಯಾರಾದರೂ ಮಾರಿದರೆ ಅದು ಪ್ರಿಂಟ್.

ವುಲ್ವರಿನ್ ಮೊದಲು ಇಣುಕುವ ಹಲ್ಕ್ 180ನೇ ಸಂಚಿಕೆಯ ಕೊನೆಯ ಪುಟದ ಮೂಲ ಚಿತ್ರ 2014ರಲ್ಲಿ 6,57,250 ಡಾಲರಿಗೆ ಹೋಯಿತು. ಸ್ಪೈಡರ್‌ಮನ್‌ನ ಕಪ್ಪು ಉಡುಪು ತೋರುವ, ಮೈಕ್ ಝೆಕ್ ಚಿತ್ರಿಸಿದ ಒಂದೇ ಒಂದು ಪುಟ 2022ರಲ್ಲಿ 33 ಲಕ್ಷ ಡಾಲರ್ ದಾಟಿತು. ನಮಗೆ ಅವು ಬೇಡ. ಹೆಸರಾಂತ ಕ್ಷಣವಿಲ್ಲದ, ಇಬ್ಬರು ಮೇಜಿನ ಎದುರು ಕುಳಿತು ಮಾತಾಡುವ ಪುಟವೊಂದು ಚಿತ್ರಕಾರರ ಬಳಿಯೇ ಅದರ ಸಾವಿರದ ಒಂದು ಪಾಲಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ನೀಲಿ ಪೆನ್ಸಿಲ್ ಅದರಲ್ಲಿಯೂ ಅದೇ.

1960ರ ದಶಕದ ಪುಟ ಅಗ್ಗಕ್ಕೆ ಬಂದರೆ ಅನುಮಾನಿಸಿ. ಆ ಕಾಲದಲ್ಲಿ ಮೂಲ ಚಿತ್ರಗಳು ಚಿತ್ರಕಾರರಿಗೆ ಮರಳುತ್ತಿರಲಿಲ್ಲ, ಗೋದಾಮಿನಿಂದ ಕಳುವಾದವೂ ಇವೆ. ಕಿರ್ಬಿ ಮಾರ್ವೆಲ್‌ಗೆ ಬಿಡಿಸಿದ್ದು 10,000ಕ್ಕೂ ಹೆಚ್ಚು ಪುಟ. ದೀರ್ಘ ಜಗಳದ ನಂತರ 1987ರಲ್ಲಿ ಅವರಿಗೆ ಮರಳಿದ್ದು ಸುಮಾರು 2,000. ಉಳಿದವು ಎಲ್ಲಿ ಹೋದವು ಎಂಬ ಪ್ರಶ್ನೆ ಪ್ರತಿಯೊಂದು ಹಳೆಯ ಪುಟದ ಬೆನ್ನಿಗೂ ಅಂಟಿಕೊಂಡಿದೆ. ಯಾರಿಂದ ಯಾರಿಗೆ ಬಂತು ಎಂಬ ವಿವರ ಕಾಗದದಲ್ಲಿ ಕೇಳಿ ಪಡೆಯಿರಿ.

ಮಳೆಗಾಲ, ಬಿಸಿಲು, ಅಜ್ಜಿಯ ಬೇವಿನೆಲೆ

ಅಮೆರಿಕದ ಮಾರ್ಗದರ್ಶಿಗಳು ಮಂಗಳೂರಿನ ಜುಲೈ ತಿಂಗಳನ್ನು ಕಂಡು ಬರೆದವಲ್ಲ. ಕಾಗದಕ್ಕೆ ಹಿತವಾದ ತೇವಾಂಶ ಶೇ 40ರಿಂದ 50. ನಮ್ಮ ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಅದರ ಎರಡರಷ್ಟು ಹತ್ತಿರ. ಹಳೆಯ ಕಾಮಿಕ್ಸ್‌ಗಳು ಅಚ್ಚಾದದ್ದು ಪತ್ರಿಕೆಯ ಕಾಗದದಂಥ ಅಗ್ಗದ ಕಾಗದದ ಮೇಲೆ. ಮರದ ಲಿಗ್ನಿನ್ ಅದರಲ್ಲಿ ಉಳಿದಿರುವುದರಿಂದ ಬೆಳಕು, ಗಾಳಿಗೆ ಅದು ಹಳದಿಯಾಗಿ ಮುರಿಯತೊಡಗುತ್ತದೆ.

ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಎರಡು ತಿಂಗಳಿಗೊಮ್ಮೆ ಆ ಜೆಲ್ಲನ್ನು ಒಣಗಿಸುವುದು. ಒಂದು ಪುಟ್ಟ ತೇವಾಂಶ ಮಾಪಕ ಹಾಕಿಡಿ, ಬೆಲೆ ಹೆಚ್ಚಿಲ್ಲ. ಸಂಚಿಕೆಗಳನ್ನು ಅಡ್ಡ ಪೇರಿಸದೆ ನಿಲ್ಲಿಸಿಡಿ. ಹೊರಗೋಡೆಗೆ ತಾಗಿದ ಕಬ್ಬಿಣದ ಬೀರುವಿನ ಕೆಳಗಿನ ಅರೆ ಬೇಡ. ಪ್ರತಿ ಸಂಚಿಕೆಗೂ ಆಮ್ಲರಹಿತ ರಟ್ಟು, ಹೊರಗೆ ಪಾಲಿಪ್ರೊಪಿಲೀನ್ ಚೀಲ. ಬೆಲೆಬಾಳುವುದಾದರೆ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಚೀಲ.

ಸ್ಟೇಷನರಿ ಅಂಗಡಿಯಲ್ಲಿ ಸಿಗುವ, ಹೊಸ ರೇನ್‌ಕೋಟಿನ ವಾಸನೆ ಬರುವ ಮೆತ್ತನೆಯ ಪ್ಲಾಸ್ಟಿಕ್ ಕವರ್ ಪಿವಿಸಿ. ಅದಕ್ಕೆ ಮೆದುತನ ಕೊಡುವ ರಾಸಾಯನಿಕ ನಿಧಾನವಾಗಿ ಹೊರಬಂದು ಶಾಯಿಯನ್ನು ಎಳೆದುಕೊಳ್ಳುತ್ತದೆ. ಗೆಳೆಯರೊಬ್ಬರು ಮೂರು ವರ್ಷದ ನಂತರ ಫೈಲಿನಿಂದ ತಮ್ಮ ಸಂಚಿಕೆ ತೆಗೆದರು. ಮುಖಪುಟದಲ್ಲಿ ಸಹಿ ಅರ್ಧ ಮಾಸಿತ್ತು. ಉಳಿದರ್ಧ ಕವರಿನ ಒಳಮೈ ಮೇಲೆ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಅಚ್ಚುಕಟ್ಟಾಗಿ ಕುಳಿತಿತ್ತು.

ಲ್ಯಾಮಿನೇಷನ್ ಮಾಡಿಸಬೇಡಿ. ಮಾರ್ಕ್ಸ್ ಕಾರ್ಡಿಗೂ ಮಾಡಿಸಬಾರದು, ಅದು ಬೇರೆ ವಿಷಯ. ಸೆಲ್ಲೊಟೇಪ್ ಬೇಡ. ನುಸಿಗುಳಿಗೆಯ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಕೆಡಿಸುತ್ತದೆ. ಅಜ್ಜಿ ಸೀರೆಯ ಮಡಿಕೆಯಲ್ಲಿ ಇಡುತ್ತಿದ್ದ ಬೇವಿನೆಲೆ ಕಾಗದಕ್ಕೆ ತಾಗಿದರೆ ಕಲೆ ಬಿಡುತ್ತದೆ. ಗೆದ್ದಲು, ಬೆಳ್ಳಿಹುಳಗಳಿಗೆ ಮದ್ದೆಂದರೆ ತಿಂಗಳಿಗೊಮ್ಮೆ ಡಬ್ಬ ತೆರೆದು ನೋಡುವುದು. ಗೋಡೆಗೆ ಹಾಕಲೇಬೇಕಿದ್ದರೆ ಅತಿನೇರಳೆ ಕಿರಣ ತಡೆಯುವ ಗಾಜಿನ ಹಿಂದೆ, ಬಿಸಿಲು ಬೀಳದ ಗೋಡೆಯ ಮೇಲೆ ಹಾಕಿ. ವರ್ಷಕ್ಕೊಮ್ಮೆ ಅದನ್ನು ಇಳಿಸಿ ಬೇರೊಂದನ್ನು ಹಾಕಿ.

ಪ್ರತಿಯೊಂದಕ್ಕೂ ಒಂದು ಚೀಟಿ

ಸಹಿ ಬಿದ್ದ ದಿನವೇ ಒಂದು ಆಮ್ಲರಹಿತ ಚೀಟಿ ಬರೆದು ರಟ್ಟಿನ ಹಿಂದೆ ಇಡಿ: ಸಂಚಿಕೆ, ದಿನಾಂಕ, ಊರು, ಸಹಿ ಯಾರದು, ಅವರು ಈ ಸಂಚಿಕೆಯಲ್ಲಿ ಮಾಡಿದ ಕೆಲಸ ಏನು, ಯಾವ ಪೆನ್ನು, ಎಷ್ಟು ಕೊಟ್ಟಿರಿ, ಫೋಟೊ ಎಲ್ಲಿದೆ. ನಿಮ್ಮ ನಂತರ ಇದನ್ನು ತೆರೆದು ನೋಡುವ ಮಕ್ಕಳಿಗೆ ಅದಿಲ್ಲದಿದ್ದರೆ ಇದು ರದ್ದಿ.

ಆ ಬ್ಯಾಟ್‌ಮನ್ ಹಾಳೆಯನ್ನು ನಾನು ಎಸೆಯಲಿಲ್ಲ. ಚೌಕಟ್ಟು ಬಿಚ್ಚಿ, ಬಂಗಾರದ ಮುದ್ರೆಯ ಪತ್ರದ ಸಮೇತ ಮೈಲಾರ್ ಚೀಲಕ್ಕೆ ಹಾಕಿ ಉಳಿದವುಗಳ ಸಾಲಿನಲ್ಲಿಯೇ ನಿಲ್ಲಿಸಿದ್ದೇನೆ. ಅದರ ಚೀಟಿಯಲ್ಲಿ ಹೀಗಿದೆ: ‘ಚಿತ್ರ: ಶೆಲ್ಡನ್ ಮೋಲ್ಡಾಫ್. ಸಹಿ: ಮುದ್ರಣಯಂತ್ರ. ಪೆನ್ನು: ಇಲ್ಲ. ಕೊಟ್ಟದ್ದು: ಮನೆಯಲ್ಲಿ ಹೇಳಿಲ್ಲ.’